ರೊಪ್ಪದ ಬಾಗಿಲಿಗೆ ಬಂದ ಮುದ್ದೆ

"ಬುದ್ಧಿ, ಸುಳ್ಳು ಹೇಳಬಾರದು ಎನ್ನುವವನು ಹೆತ್ತ ತಾಯಿಯನ್ನು ದಿನವೂ ಅಳಿಸಬೇಕೆ?" ಎಂದು ಕರಿಬಸಯ್ಯ ಕೇಳಿದ.

ಗುರುಗಳು ಊಟಕ್ಕೆ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚುತ್ತಿದ್ದರು. ತಲೆ ಎತ್ತದೆಯೇ, "ಬಿಡಿಸಿ ಹೇಳು" ಎಂದರು.

ಶಿಷ್ಯನ ತಾಯಿಗೆ ಅರಳುಮರಳು. ಅವಳ ಅಕ್ಕ ಸತ್ತು ಹತ್ತು ವರ್ಷವಾಗಿದೆ. ಆ ಅಕ್ಕ ಇವತ್ತು ಬರುತ್ತಾಳೆಂದು ಅವಳು ದಿನವೂ ಬಾಗಿಲಲ್ಲಿ ಕೂರುತ್ತಾಳೆ. ಅವಳು ಸತ್ತುಹೋಗಿದ್ದಾಳೆ ಎಂದು ಮಗ ಹೇಳಿದರೆ, ಆಗ ತಾನೇ ಸುದ್ದಿ ಬಂದವಳಂತೆ ಎದೆ ಬಡಿದುಕೊಳ್ಳುತ್ತಾಳೆ. ಮಾರನೆಯ ದಿನ ಮತ್ತೆ ಬಾಗಿಲು.

"ಸತ್ಯವನ್ನೇ ನುಡಿಯುತ್ತೇನೆಂದು ನಿಮ್ಮ ಮುಂದೆ ಮಾತು ಕೊಟ್ಟಿದ್ದೇನೆ ಬುದ್ಧಿ. ನಿನ್ನೆ ತಡೆಯಲಾರದೆ ಗದರಿಸಿಬಿಟ್ಟೆ. ಈಗ ನನ್ನನ್ನು ಕಂಡರೇ ಹೆದರುತ್ತಾಳೆ" ಎಂದು ಅವನು ಕಣ್ಣೊರೆಸಿಕೊಂಡ.

"ನೀನು ಗದರಿಸಿದ್ದನ್ನು ನನ್ನ ತಲೆಗೆ ಕಟ್ಟಬೇಡ. ಕೂತುಕೋ, ಎರಡು ಎಲೆ ಹಚ್ಚುತ್ತಾ ಕೇಳು" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಕುರುಬನಿದ್ದ. ಕುರಿಗಳೆಲ್ಲ ರೊಪ್ಪ ಸೇರುವವರೆಗೆ ಅನ್ನ ಮುಟ್ಟಬಾರದು ಎಂಬುದು ಅವರ ಮನೆತನದ ಕಟ್ಟು. ಮುಳ್ಳುಬೇಲಿಯ ಆ ರೊಪ್ಪದ ಮುಂದೆ ಅವನು ಅರವತ್ತು ವರ್ಷ ಈ ಕಟ್ಟು ನಡೆಸಿದ. ಮುದುಕನಾದ ಮೇಲೆ ಕುರಿಗಳನ್ನೆಲ್ಲ ತಮ್ಮನ ಮಕ್ಕಳಿಗೆ ಒಪ್ಪಿಸಿದ. ಒಪ್ಪಿಸಿದ್ದು ಅವನಿಗೆ ಮರೆತುಹೋಯಿತು. ಕಟ್ಟು ಮರೆಯಲಿಲ್ಲ.

ಹೊತ್ತು ಇಳಿದರೆ ಸಾಕು, ದೊಣ್ಣೆ ಹಿಡಿದು ಖಾಲಿ ರೊಪ್ಪದ ಬಾಗಿಲಲ್ಲಿ ನಿಲ್ಲುತ್ತಿದ್ದ. ಊಟಕ್ಕೆ ಕರೆದರೆ, "ಕುರಿ ಬಂದಿಲ್ಲ, ನಾನು ಉಣ್ಣಲ್ಲ" ಎನ್ನುತ್ತಿದ್ದ.

ಮಗ ಒಳ್ಳೆಯವನೇ, ನಿನ್ನ ಹಾಗೆ. ಅಪ್ಪನನ್ನು ರೊಪ್ಪದ ಒಳಗೆ ಕರೆದುಕೊಂಡು ಹೋಗಿ, "ನೋಡಪ್ಪಾ, ಎಲ್ಲಿವೆ ಕುರಿ? ಕೊಟ್ಟಾಗಿದೆ" ಎಂದು ತೋರಿಸಿದ. ಮುದುಕ ನೋಡಿದ. ರೊಪ್ಪ ಬರಿದಾಗಿತ್ತು. "ಅಯ್ಯಯ್ಯೋ, ತೋಳ ಹೊಕ್ಕಿತಲ್ಲೋ! ನೀನು ನಿದ್ದೆ ಮಾಡ್ತಿದ್ದೆ ಏನೋ ಪಾಪಿ!" ಎಂದು ಗುಡ್ಡದ ಕಡೆ ಓಡಿದ. ಹಿಡಿದು ತರುವಷ್ಟರಲ್ಲಿ ಸಾಕುಬೇಕಾಯಿತು. ಮಗ ಮರುದಿನವೂ ತೋರಿಸಿದ. ಇದ್ದದ್ದು ಒಂದೇ ಮಂದೆ, ಮುದುಕ ಅದನ್ನು ದಿನಕ್ಕೊಂದು ಸಲ ಕಳೆದುಕೊಂಡ.

ಆಮೇಲೆ ಮಗನಿಗೆ ರೇಗಿತು. "ಬಂದವು ಕಣಪ್ಪಾ, ಎಲ್ಲಾ ಬಂದವು, ಉಣ್ಣು" ಎಂದು ಸುಳ್ಳು ಹೇಳಿದ. ಮುದುಕ ಕಿವಿಗೊಟ್ಟು ಕೇಳಿದ. ಒಂದು ಮರಿಯೂ ಅರಚಲಿಲ್ಲ. "ನನಗೇ ಟೋಪಿ ಹಾಕ್ತೀಯಾ?" ಎಂದು ತಟ್ಟೆ ತಳ್ಳಿದ. ಒಂದು ವಾರದಲ್ಲಿ ಅವನ ಪಕ್ಕೆಲುಬು ಎಣಿಸುವ ಹಾಗಾಯಿತು. ಇನ್ನೊಂದು ವಾರ ಹೀಗೇ ಹೋದರೆ ಮುದುಕ ಉಳಿಯುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಾಯಿತು.

ಸೊಸೆಯೂ ಕುರುಬರ ಮಗಳೇ. ಒಂದು ಸಂಜೆ ಅವಳು ರೊಪ್ಪದ ಬಾಗಿಲಿಗೆ ಹೋಗಿ ಮಾವನ ಪಕ್ಕ ಕೂತಳು.

"ಯಾವುದರ ಚಿಂತೆ ಮಾವಯ್ಯಾ?"

"ಆ ಬಿಳಿಕಿವಿಯದು ಕಣವ್ವ. ಈದು ಎರಡು ದಿನ ಆಗಿಲ್ಲ. ಮರಿ ಬಿಟ್ಟು ಬರಲ್ಲ ಅದು."

ಅವಳು ಬಿಳಿಕಿವಿಯ ವಿಷಯ ಕೇಳಿದಳು. ಅವನು ಹೇಳಿದ. ಹೇಳುತ್ತಾ ಹೇಳುತ್ತಾ ಅವನೂ ಅವಳ ಪಕ್ಕ ಕೂತ. ಆಗ ಅವಳು, "ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆ. ಬಾಗಿಲು ಕಾಯುವವನಿಗೆ ಬುತ್ತಿ ಬಾಗಿಲಿಗೇ ಬರಬೇಕಲ್ಲವಾ ಮಾವಯ್ಯಾ?" ಎಂದಳು.

"ಮತ್ತೆ! ಕಾಯೋನು ಉಪವಾಸ ಬಿದ್ದರೆ ತೋಳಕ್ಕೆ ಹಬ್ಬ. ದೊಣ್ಣೆ ತೊಡೆ ಮೇಲೆ ಇಟ್ಕೊಂಡು ಉಣ್ಣಬಹುದು. ಅದು ಕಟ್ಟಿನಲ್ಲೇ ಇದೆ" ಎಂದ ಮುದುಕ.

ಕುರಿಯ ಹಿಂದೆ ಎಂದೂ ಹೋಗದ ಮಗನಿಗೆ ಕಟ್ಟಿನ ಈ ಅರ್ಧ ಗೊತ್ತೇ ಇರಲಿಲ್ಲ. ಸೊಸೆ ಬಿಸಿ ಮುದ್ದೆಯನ್ನೂ ಸಾರನ್ನೂ ಅಲ್ಲಿಗೇ ತಂದಳು. ಮುದುಕ ದೊಣ್ಣೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಮುದ್ದೆ ಉಂಡ. ಉಂಡ ಮೇಲೆ ನಿದ್ದೆ ಬಂತು.

ಗಂಡ ಹೆಂಡತಿಯನ್ನು ತಡೆದು, "ಏನು ಸುಳ್ಳು ಹೇಳಿದೆ?" ಎಂದು ಕೇಳಿದ.

"ಕುರಿ ಬಂತು ಅಂದೆನಾ? ಇಲ್ಲ ಅಂದೆನಾ? ಮಾವ ಹಸಿದಿದ್ರು" ಎಂದು ಅವಳು ತಟ್ಟೆ ತೊಳೆಯಲು ಹೋದಳು.

ಮುದುಕನಿಗೆ ವಾಸಿಯೇನೂ ಆಗಲಿಲ್ಲ. ಮರುಸಂಜೆಯೂ ಬಾಗಿಲಿಗೆ ಹೋದ. ಮುದ್ದೆಯೂ ಹೋಯಿತು.

ಗುರುಗಳು ಹಚ್ಚಿದ ಎಲೆಗಳನ್ನು ಒಟ್ಟುಮಾಡಿದರು. ಕರಿಬಸಯ್ಯನ ಕೈಯಲ್ಲಿದ್ದ ಎಲೆ ಇನ್ನೂ ಅರ್ಧವೇ ಆಗಿತ್ತು. ಅವನು ಅದನ್ನು ಕೆಳಗಿಟ್ಟು, "ಏನೇ ಆದರೂ ಬುದ್ಧಿ, ಅಲ್ಲಿ ಕುರಿಯೇ ಇರಲಿಲ್ಲವಲ್ಲ?" ಎಂದ.

"ಕುರಿ ಇರಲಿಲ್ಲ ಕಣಯ್ಯಾ, ಕುರುಬ ಇದ್ದ."