ಬಾಗಿಲಲ್ಲಿ ನಲವತ್ತು ಇರುವೆಗಳು

ಬೇಲಿ ಬುಡದ ಇರುವೆಗೂಡಿನ ಯಜಮಾನಿಗೆ ನೆರೆಗೂಡುಗಳ ಜೊತೆ ಕಾಳು ಕೊಟ್ಟು ತರುವ ಬಳಕೆಯಿತ್ತು. ಯಾರ ಕರೆಯೂ ತಪ್ಪಬಾರದೆಂದು ಅವಳು ಒಂದೊಂದು ಗೂಡಿಗೂ ಒಬ್ಬೊಬ್ಬಳನ್ನು ತನ್ನ ಬಾಗಿಲಲ್ಲಿ ನಿಲ್ಲಿಸಿ, "ನಿನ್ನ ಪಾಲಿನ ನೆರೆಗೂಡಿನವರು ಕರೆಯುವತನಕ ಕದಲಕೂಡದು" ಎಂದಿದ್ದಳು. ನೆರೆಗೂಡುಗಳು ನಲವತ್ತಾದವು, ಬಾಗಿಲಲ್ಲಿ ನಿಂತವರೂ ನಲವತ್ತಾದರು. ಒಳಗೆ ದುಡಿಯಲು ಉಳಿದವರು ಮೂವರೇ.

ಒಂದು ದಿನ ಕಾಳು ತಂದ ನೆರೆಯವಳೊಬ್ಬಳು ಒಳಗೆ ನುಸುಳಲಾಗದೆ ಕೇಳಿದಳು: "ಇವರೆಲ್ಲ ಏನು ಮಾಡುತ್ತಿದ್ದಾರೆ ಅಕ್ಕಾ?"

"ಕಾಯುತ್ತಿದ್ದಾರೆ."

"ನಮ್ಮ ಬಾಗಿಲಿಗೆ ಒಬ್ಬಳೇ. ಯಾರು ಕರೆದರೂ ಅವಳು ಒಳಗೆ ಕೂಗುತ್ತಾಳೆ, ಕೈ ಬಿಡುವಾದವರು ಓಡಿ ಬರುತ್ತಾರೆ."

"ನಲವತ್ತು ಮನೆಯ ನಂಟನ್ನು ಒಬ್ಬಳ ಕಿವಿಗೆ ಬಿಡುವುದೇ?" ಎಂದು ಯಜಮಾನಿ ನಕ್ಕಳು.

ಅಷ್ಟರಲ್ಲಿ ಬಚ್ಚಲ ಕಾಲುವೆ ತುಂಬಿ ನೀರು ಗೂಡಿಗೆ ಇಳಿಯಿತು. "ಬನ್ನಿ, ಮೊಟ್ಟೆ ಹೊತ್ತುಕೊಳ್ಳಿ!" ಎಂದು ಯಜಮಾನಿ ಒಳಗಿಂದ ಕೂಗಿದಳು.

"ನಮ್ಮ ಪಾಲಿನ ನೆರೆಗೂಡಿನವರು ಇನ್ನೂ ಕರೆದಿಲ್ಲ ಯಜಮಾನಿ," ಎಂದು ನಲವತ್ತು ಮಂದಿಯೂ ವಿಧೇಯರಾಗಿ ನಿಂತೇ ಇದ್ದರು.

ನೆರೆಯವಳು ಕೂಗಿದಳು: "ಬಾರೇ, ಮೊಟ್ಟೆ ಹಿಡಿ!" ಅವಳ ಗೂಡಿಗೆಂದು ನಿಂತಿದ್ದವಳು ಒಬ್ಬಳೇ ಕದಲಿದಳು.

ನೀರಿನಲ್ಲಿ ನಿಂತ ಯಜಮಾನಿಗೆ ಆಗ ಹೊಳೆಯಿತು: ನಲವತ್ತು ಗೂಡುಗಳ ಕರೆಗೂ ಆಳಿಟ್ಟಿದ್ದಳು, ತನ್ನ ಗೂಡಿನ ಕರೆಗೆ ಒಬ್ಬಳನ್ನೂ ಇಟ್ಟಿರಲಿಲ್ಲ.