ಬಾಟಲಿಯಲ್ಲಿ ಉಳಿದ ಹಾಲು

ಪುಟ್ಟತಾಯಮ್ಮನ ಮಗಳು ವಿಶಾಲಾಗೆ ಎದೆಹಾಲು ಸಾಲದೆ, ಹದಿನೈದು ದಿನದ ಕೂಸಿಗೆ ಡಬ್ಬಿಹಾಲನ್ನೂ ಕುಡಿಸುತ್ತಿದ್ದರು. ಒಂದು ಬೆಳಿಗ್ಗೆ ಕೂಸು ಅರ್ಧ ಬಾಟಲಿ ಕುಡಿದು ನಿದ್ದೆಹೋಯಿತು. ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಪುಟ್ಟತಾಯಮ್ಮ ಬಾಟಲಿಯನ್ನು ಒಲೆಯ ಪಕ್ಕದಲ್ಲಿಟ್ಟರು.

ಎರಡು ಗಂಟೆ ಕಳೆದು ಕೂಸು ಎದ್ದು ಅಳತೊಡಗಿತು.

"ನಾನು ಸಿದ್ಧವಾಗಿದ್ದೇನೆ" ಎಂದಿತು ಬಾಟಲಿಯ ಹಾಲು.

ನೀರು ಕಾಯಿಸುವ ಪಾತ್ರೆ ತಡೆಯಿತು. "ನೀನು ಹೋಗಬಾರದು. ಕೂಸಿನ ಎಂಜಲು ಸೇರಿ ಆಗಲೇ ಕೆಡತೊಡಗಿದ್ದೀಯೆ."

"ನನ್ನ ಬಣ್ಣ ಬದಲಾಗಿಲ್ಲ, ವಾಸನೆಯೂ ಬಂದಿಲ್ಲ. ನೀನು ನೀರು ಕುದಿಸಿ, ಅವರು ಹೊಸ ಹಾಲು ಕಲಸಿ ಆರಿಸುವವರೆಗೆ ಕೂಸು ಅಳಬೇಕೇ?"

"ಸ್ವಲ್ಪ ಹೊತ್ತು ಅತ್ತರೆ ಕೂಸಿಗೆ ಕೇಡಿಲ್ಲ. ನಿನ್ನನ್ನು ಕುಡಿದರೆ ಇದೆ."

ಅಷ್ಟರಲ್ಲಿ ಪುಟ್ಟತಾಯಮ್ಮ ಬಂದು ಬಾಟಲಿ ಎತ್ತಿಕೊಂಡರು. ಕೋಣೆಯಿಂದ ವಿಶಾಲಾ ಕೇಳಿದಳು, "ಅಮ್ಮಾ, ಅದು ಬೆಳಗಿಂದು ಅಲ್ವಾ? ಚೆಲ್ಲಿಬಿಡು."

"ಕೂಸು ಅಳ್ತಿದೆ ಕಣೇ."

"ನಾನು ಎತ್ಕೊಂಡಿರ್ತೀನಿ. ನೀನು ನೀರಿಡು."

ಪುಟ್ಟತಾಯಮ್ಮ ಹಾಲನ್ನು ಚೆಲ್ಲಿ, ಬಾಟಲಿಯನ್ನೂ ನಿಪ್ಪಲನ್ನೂ ತಿಕ್ಕಿ ತೊಳೆದು ಕುದಿಸಿದರು. ಹಾಲು ಕಲಸಲು ಬೇರೆ ನೀರಿಟ್ಟರು.

"ಹಸಿದ ಕೂಸನ್ನು ಕಾಯಿಸಬಾರದು ಎಂದಷ್ಟೇ ನಾನು ಹೇಳಿದ್ದು" ಎಂದು ಹಾಲು ಮೋರಿಯಲ್ಲಿ ಹರಿದುಹೋಗುತ್ತಾ ಹೇಳಿತು.

"ಅದರ ಮೇಲೆ ನನಗೂ ಅಕ್ಕರೆಯಿದೆ. ಅದಕ್ಕೇ ಕಾಯಿಸುತ್ತಿದ್ದೇನೆ" ಎಂದಿತು ಪಾತ್ರೆ.

ಕೂಸು ತಾಯಿಯ ಹೆಗಲ ಮೇಲೆ ಅರ್ಧ ಗಂಟೆ ಅತ್ತಿತು. ಆಮೇಲೆ ಹೊಸ ಹಾಲು ಕುಡಿದು, ತೇಗಿ, ಮಲಗಿತು.