ಕೆಸರುದಡದ ಹಾಳೆ

“ಮೇಷ್ಟ್ರೇ, ನನ್ನ ಯಂತ್ರವೇ ಓದದ ಸಾಲುಗಳನ್ನು ನಾನೇಕೆ ಓದಬೇಕು?” ಎಂದು ಪದ್ಮಜ ಕೇಳಿದಳು.

ಮೇಷ್ಟ್ರು ಗಂಗಾಧರಯ್ಯನವರು ಕಂಪ್ಯೂಟರ್ ಭಾಷೆಯೊಂದರ ಸ್ಟ್ಯಾಂಡರ್ಡ್ ಲೈಬ್ರರಿಯನ್ನು, ಅಂದರೆ ಎಲ್ಲರೂ ಬಳಸುವ ಸಿದ್ಧ ಸಾಲುಗಳ ಕಟ್ಟನ್ನು, ನೋಡಿಕೊಳ್ಳುತ್ತಿದ್ದ ಹಿರಿಯರು. ಆ ಭಾಷೆಯಲ್ಲಿ ಯಾರು ಏನು ಬರೆದರೂ, ಕಡತ ತೆರೆಯುವುದಕ್ಕೆ, ಹೊತ್ತು ಎಷ್ಟೆಂದು ತಿಳಿಯುವುದಕ್ಕೆ ಆ ಲೈಬ್ರರಿಯನ್ನೇ ಕೇಳಬೇಕು. ಲೈಬ್ರರಿ ಒಂದೇ, ಯಂತ್ರಗಳು ನಾಲ್ಕು ಬಗೆ. ಹಾಗಾಗಿ ಅದರೊಳಗೆ ಅಲ್ಲಲ್ಲಿ ಷರತ್ತುಗಳಿದ್ದವು: ಈ ಬಗೆಯ ಯಂತ್ರವಾದರೆ ಈ ಸಾಲುಗಳು, ಆ ಬಗೆಯದಾದರೆ ಆ ಸಾಲುಗಳು. ಬರೆದದ್ದನ್ನು ಯಂತ್ರದ ಮಾತಿಗೆ ಇಳಿಸುವ ಕಂಪೈಲರ್ ತನ್ನ ಮುಂದಿರುವ ಯಂತ್ರಕ್ಕೆ ಬೇಕಾದ ಸಾಲುಗಳನ್ನಷ್ಟೇ ಎತ್ತಿಕೊಳ್ಳುತ್ತಿತ್ತು. ಉಳಿದವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ; ಅಲ್ಲಿ ಎಂಥ ತಪ್ಪಿದ್ದರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಪದ್ಮಜ ಮೂರು ವಾರದಿಂದ ಆ ಲೈಬ್ರರಿಯ ಒಂದು ರೂಢಿಯನ್ನು ತಿದ್ದುತ್ತಿದ್ದಳು. ಮೊದಲು ಕೆಲಸ ಆದರೆ ಸೊನ್ನೆ, ಕೆಟ್ಟರೆ ಒಂದು ಎಂದು ಉತ್ತರ ಬರುತ್ತಿತ್ತು. ಅದು ಜನರಿಗೆ ಗೊಂದಲವೆಂದು ತಿರುಗುಮುರುಗು ಮಾಡಿದ್ದಳು. ಮೂರು ಬಗೆಯ ಯಂತ್ರಗಳ ಸಾಲುಗಳನ್ನು ತಿದ್ದಿ, ಓಡಿಸಿ ನೋಡಿಯೂ ಆಗಿತ್ತು. ನಾಲ್ಕನೆಯದು ಹಳೇ ಯಂತ್ರ. ಅಂಥದ್ದು ಅವರ ಕಚೇರಿಯಲ್ಲಿ ಒಂದೂ ಇರಲಿಲ್ಲ. ಎಲ್ಲಿಂದಲೋ ತರಿಸಿ ನೋಡಬೇಕೆಂದರೆ ಇನ್ನೊಂದು ವಾರ ಬೇಕು. ಹೊಸ ಲೈಬ್ರರಿ ಅಂದು ಸಂಜೆಯೇ ಹೊರಬೀಳಬೇಕಿತ್ತು. ಅವಳ ಹೆಸರು ಹೊತ್ತು ಹೋಗುವ ಮೊದಲ ಕೆಲಸ ಅದು. ಆಸೆ ಇರದೆ ಇರುತ್ತದೆಯೇ?

ಮೇಷ್ಟ್ರು ಕತೆಯೊಂದನ್ನು ತೆಗೆದರು. ಅವರಿಗೆ ಅದೊಂದು ಕೆಟ್ಟ ಅಭ್ಯಾಸ, ನೇರ ಉತ್ತರ ಬೇಕಾದಾಗಲೇ ಕತೆ ಹೇಳುವುದು. ಪದ್ಮಜ ಗಡಿಯಾರ ನೋಡಿಕೊಂಡೇ ಕುಳಿತಳು.

ಒಂದು ದೊಡ್ಡ ನದಿ. ಅದರ ಮೇಲೆ ಹರಿಗೋಲು ನಡೆಸುವುದರಲ್ಲಿ ಪಳಗಿದ ಒಬ್ಬ ಹಿರಿಯ ಅಂಬಿಗನಿದ್ದ. ಅವನು ತಾನು ಕಲಿತದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟ. ಎಲ್ಲ ದಡಕ್ಕೂ ಸಲ್ಲುವ ಮಾತುಗಳು ಮೊದಲು. ಆಮೇಲೆ ಕಲ್ಲುದಡಕ್ಕೆ ಒಂದು ಹಾಳೆ, ಮರಳುದಡಕ್ಕೆ ಒಂದು ಹಾಳೆ, ಕೆಸರುದಡಕ್ಕೆ ಒಂದು ಹಾಳೆ. ಯಾವ ಊರಿನ ಅಂಬಿಗ ಬಂದು ಕೇಳಿದರೂ, ಹಿರಿಯ ಅಂಬಿಗನ ಕೈಕೆಳಗಿದ್ದ ಲಿಪಿಕಾರ ಮೊದಲ ಮಾತುಗಳನ್ನೂ ಆ ಊರಿನ ದಡದ ಹಾಳೆಯನ್ನೂ ನಕಲು ಮಾಡಿ ಕೊಡುತ್ತಿದ್ದ. ಬೇರೆ ದಡದ ಹಾಳೆಗಳನ್ನು ಮುಟ್ಟುತ್ತಿರಲಿಲ್ಲ. ಬೇಡದ್ದನ್ನು ಹೊರಿಸಿ ಕಳಿಸುವುದೇಕೆ?

ಆ ಪುಸ್ತಕದಲ್ಲಿ ಕೂಗುಗಳ ಒಂದು ಕಟ್ಟಳೆಯಿತ್ತು. ಅಂಬಿಗ ಒಂದು ಸಲ ಕೂಗಿದರೆ ಜನ ಏಳಬೇಕು. ಎರಡು ಸಲ ಕೂಗಿದರೆ ಅಲುಗದೆ ಕೂತಿರಬೇಕು. ಕೆಲವು ವರ್ಷ ಅದು ನಡೆಯಿತು. ಆದರೆ ಗಾಳಿ ಜೋರಿದ್ದ ದಿನ ಎರಡು ಕೂಗಿನಲ್ಲಿ ಒಂದು ಗಾಳಿಪಾಲಾಗುತ್ತಿತ್ತು. ಕೂತಿರಬೇಕಾದವರು ಎದ್ದು ನಿಲ್ಲುತ್ತಿದ್ದರು. ಇದನ್ನು ಕಂಡ ಹಿರಿಯ ಅಂಬಿಗ ಕಟ್ಟಳೆಯನ್ನು ಅದಲುಬದಲು ಮಾಡಿದ. ಇನ್ನು ಮೇಲೆ ಒಂದು ಕೂಗಿಗೆ ಕೂತಿರಬೇಕು, ಎರಡು ಕೂಗಿಗೆ ಏಳಬೇಕು. ಒಳ್ಳೆಯ ತಿದ್ದುಪಡಿಯೇ. ಮೊದಲ ಮಾತುಗಳನ್ನು ತಿದ್ದಿದ, ಕಲ್ಲುದಡದ ಹಾಳೆಯನ್ನು ತಿದ್ದಿದ, ಮರಳುದಡದ ಹಾಳೆಯನ್ನೂ ತಿದ್ದಿದ.

ಲಿಪಿಕಾರ ಕೇಳಿದ: “ಕೆಸರುದಡದ ಹಾಳೆ ಒಂದು ಉಳಿಯಿತಲ್ಲ, ಯಜಮಾನರೇ?”

“ಇಷ್ಟು ವರ್ಷದಲ್ಲಿ ಅದನ್ನು ಯಾರಾದರೂ ಕೇಳಿದ್ದಾರೇನಪ್ಪಾ? ಕೇಳಿದಾಗ ನೋಡಿಕೊಂಡರಾಯಿತು” ಎಂದ ಹಿರಿಯ ಅಂಬಿಗ.

ಅವನೇನು ಸೋಮಾರಿಯಲ್ಲ. ಅಂದು ಅವನ ಕೈತುಂಬ ಕೆಲಸವಿತ್ತು, ಅಷ್ಟೇ.

ಆರು ವರ್ಷದ ಮೇಲೆ ಕೆಸರುದಡದ ಊರಿನಿಂದ ಒಬ್ಬ ಬಂದ. ಅವನ ಊರಿನವರು ಅದುವರೆಗೆ ನದಿ ದಾಟಲು ಎರಡು ದಿನದ ಸುತ್ತುದಾರಿ ಹಿಡಿಯುತ್ತಿದ್ದರು. ಆ ಊರಿಗೆ ಅವನೇ ಮೊದಲ ಅಂಬಿಗ. ಹಿರಿಯ ಅಂಬಿಗ ಆ ಹೊತ್ತಿಗೆ ಊರಲ್ಲಿರಲಿಲ್ಲ. ಲಿಪಿಕಾರ ತನ್ನ ಕೆಲಸ ತಾನು ಮಾಡಿದ. ಒಂದಕ್ಷರವೂ ತಪ್ಪದಂತೆ ನಕಲು ಮಾಡಿ ಕೊಟ್ಟ.

ಹೊಸ ಅಂಬಿಗ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಹೋದ. ಪುಸ್ತಕದಲ್ಲಿ ಇದ್ದಂತೆಯೇ ಹರಿಗೋಲು ಹೆಣೆದ. ಮೊದಲ ದಿನ ಏಳು ಜನರನ್ನು ಹತ್ತಿಸಿಕೊಂಡ. ಪುಸ್ತಕದ ಮೊದಲ ಮಾತುಗಳಲ್ಲಿ ಇದ್ದಂತೆಯೇ, ಒಂದು ಕೂಗಿಗೆ ಕೂತಿರಿ, ಎರಡು ಕೂಗಿಗೆ ಏಳಿ ಎಂದು ಎಲ್ಲರಿಗೂ ತಿಳಿಸಿದ. ದಡ ಹತ್ತಿರವಾಯಿತು. ಕೆಸರಿಗೆ ತಗುಲಿ ಹರಿಗೋಲು ಜಗ್ಗಿತು. ಕೆಸರುದಡದ ಹಾಳೆಯಲ್ಲಿ ಹೀಗಿತ್ತು: ಹರಿಗೋಲು ಜಗ್ಗಿದ ಕೂಡಲೇ ಎರಡು ಸಲ ಕೂಗು.

ಅವನು ಎರಡು ಸಲ ಕೂಗಿದ. ಏಳೂ ಜನ ಎದ್ದು ನಿಂತರು. ಹರಿಗೋಲು ಮಗುಚಿತು. ಆರು ಜನರನ್ನು ಅವನು ಕೂದಲು ಹಿಡಿದು ದಡಕ್ಕೆ ಎಳೆದ. ಏಳನೆಯವಳು ಅವನ ತಂಗಿ. ಅವಳು ಸಿಗಲಿಲ್ಲ.

ತಿಂಗಳು ಕಳೆದ ಮೇಲೆ ಅವನು ಪುಸ್ತಕ ಹಿಡಿದು ಬಂದು ಹಿರಿಯ ಅಂಬಿಗನ ಮುಂದೆ ಕೈಕಟ್ಟಿ ನಿಂತ. ಜಗಳಕ್ಕೆ ಬಂದಿರಲಿಲ್ಲ.

“ಬರೆದಿದ್ದಂಗೇ ಎರಡು ಸಲ ಕೂಗ್ದೆ, ಯಜಮಾನ್ರೇ. ಏಳಿಸೋದು ಯಾಕೋ ಅಂತ ಒಂದು ಗಳಿಗೆ ಅನ್ನಿಸ್ತು. ದೊಡ್ಡೋರು ಬರೆದವ್ರೆ, ಏನೋ ಕಾರಣ ಇರ್ತದೆ ಅಂದ್ಕೊಂಡೆ. ನಾನು ಕೂಗಿದ್ರಲ್ಲಿ ಏನು ತಪ್ಪಾಯ್ತು, ಹೇಳಿ. ತಿದ್ಕೋತೀನಿ.”

ಹಿರಿಯ ಅಂಬಿಗ ಮೂಲಪುಸ್ತಕ ತೆರೆದ. ಕಲ್ಲುದಡದ ಹಾಳೆ, ಮರಳುದಡದ ಹಾಳೆ ಬೆರಳ ಕೊಳೆಯಿಂದ, ಮಸಿಯ ಚಿತ್ತುಕಾಟಿನಿಂದ ಕಪ್ಪಾಗಿದ್ದವು. ಕೆಸರುದಡದ ಹಾಳೆ ಬರೆದ ದಿನದಷ್ಟೇ ಶುಭ್ರವಾಗಿತ್ತು. ಅವನು ಅದನ್ನು ನೋಡುತ್ತಲೇ ಕುಳಿತ. ಎದುರಿಗೆ ನಿಂತವನ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಪದ್ಮಜ ಸುಲಭಕ್ಕೆ ಸೋಲುವವಳಲ್ಲ. ಪರದೆಯ ಮೇಲೆ ನಾಲ್ಕನೆಯ ಯಂತ್ರದ ಸಾಲುಗಳು ತೆರೆದೇ ಇದ್ದವು. ಅವುಗಳಲ್ಲಿ ಒಂದು ತಿದ್ದುಪಡಿಯೂ ಇರಲಿಲ್ಲ.

“ಆದರೆ ಮೇಷ್ಟ್ರೇ, ಆ ಹಳೇ ಯಂತ್ರ ಈಗ ಯಾರ ಹತ್ತಿರ ಇರುತ್ತೆ? ನಾನು ಲೈಬ್ರರಿಯನ್ನು ಎಷ್ಟು ಸಲ ಕಂಪೈಲ್ ಮಾಡಿದರೂ ಈ ಸಾಲುಗಳು ಒಳಗೇ ಬರೋದಿಲ್ಲ. ಇಲ್ಲದೇ ಇರೋ ಸಾಲಿನಿಂದ ಯಾರಿಗೆ ಏನಾಗುತ್ತೆ?”

“ನಿನ್ನ ಪ್ರತಿಯಲ್ಲಿ ಇಲ್ಲದ ಸಾಲೇ ಆ ಹಳೇ ಯಂತ್ರದವನ ಪ್ರತಿಯಲ್ಲಿ ಇರುವುದು, ತಾಯಿ” ಎಂದರು ಮೇಷ್ಟ್ರು.

ಪದ್ಮಜ ನಾಲ್ಕನೆಯ ಯಂತ್ರದ ಮೊದಲ ಸಾಲಿಗೆ ಹೋದಳು. ಆಮೇಲೆ ಗಡಿಯಾರ ನೋಡಲಿಲ್ಲ.